ವೀರನೂ ಸಾರಥಿಯೂ: ಸಾಹಸಚಿತ್ರಗಳನ್ನು ಕುರಿತು ಒಂದು ವಿಚಾರ

1

ಗೂಢಚಾರನ ಸಾಹಸವನ್ನೂ ಅತಿಮಾನುಷ ವೀರನ ಪರಾಕ್ರಮವನ್ನೂ ವಸ್ತುವಾಗಿ ಉಳ್ಳ ಚಲನಚಿತ್ರಗಳು ಇಂತಹ ಸಂಚಿಕೆಯಲ್ಲಿ ಚರ್ಚೆಗೆ ತಕ್ಕ ವಿಷಯವೇ ಎಂಬ ಸಂದೇಹ ಕೆಲವು ವಾಚಕರಿಗಾದರೂ ತೋರಬಹುದು. ಅವು ಕೋಟಿಗಟ್ಟಲೆ ಹಣವನ್ನು ಸುರಿದು ಕೋಟಿಗಟ್ಟಲೆ ಹಣವನ್ನು ಬಾಚುವ ಸರಕುಗಳು, ಅವುಗಳಲ್ಲಿ ಕಲೆಯನ್ನು ಅರಸುವುದು ಮರಳಿನಿಂದ ಎಣ್ಣೆ ತೆಗೆಯಹೊರಟಂತೆ, ಎಂಬ ಮಾತನ್ನು ನಾವು ಅಧ್ಯಾಪಕರ ಕೊಠಡಿಯಲ್ಲಿಯೇ ಕೇಳಿದ್ದೇವೆ. ಈ ಮಾತಿಗೆ ಉತ್ತರ ಹೇಳುವ ಮೊದಲು ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವುದು ಮೇಲು. ನಾವು ಈ ಚಿತ್ರಗಳ ಅಭಿಮಾನಿಗಳು. ತಿಪಟೂರು ಸೀಮೆಯ ತೆಂಗಿನ ತೋಟಗಳ ಅಂಚಿನಲ್ಲಿ ಹಾಕುತ್ತಿದ್ದ ಟೆಂಟಿನೊಳಗೆ, ನೆಲದ ಮೇಲೆ ಕುಳಿತು, ರಾಜಕುಮಾರರ ಸಿ.ಐ.ಡಿ. 999 ಚಿತ್ರಗಳನ್ನು ಬಾಯಿ ತೆರೆದುಕೊಂಡು ನೋಡಿದವರು. ಇಂದಿಗೂ ಹೊಸದೊಂದು ಸೂಪರ್‌ಹೀರೋ ಚಿತ್ರ ಬಂದರೆ, ವಿದ್ಯಾರ್ಥಿಗಳ ಕಣ್ಣಿಗೆ ಬೀಳದಂತೆ ಹಿಂದಿನ ಸಾಲಿನಲ್ಲಿ ಹೋಗಿ ಕೂರುವವರು.

ಕಳೆದ ವರ್ಷ ಹೀಗೆ ಕುಳಿತಿದ್ದಾಗ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬ ನಮ್ಮನ್ನು ಕಂಡುಹಿಡಿದನು. ಮರುದಿನ ಬಂದು ಬಹು ವಿನಯದಿಂದ, "ತಾವು ತರಗತಿಯಲ್ಲಿ ಔಚಿತ್ಯವನ್ನು ಕುರಿತು ಪಾಠ ಹೇಳುತ್ತೀರಿ; ನಿನ್ನೆ ಶಿಳ್ಳೆ ಹಾಕುವವರ ನಡುವೆ ಚಪ್ಪಾಳೆ ತಟ್ಟುತ್ತಿದ್ದಿರಿ. ಇವೆರಡರಲ್ಲಿ ಯಾವುದು ತಮ್ಮ ನಿಜವಾದ ಅಭಿಪ್ರಾಯ?" ಎಂದು ಕೇಳಿದನು. ಆಗ ನಮಗೆ ತಕ್ಕ ಉತ್ತರ ತೋಚಲಿಲ್ಲ. ಈ ಪ್ರಬಂಧ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಬಹುದು.

ಸಾಹಸಚಿತ್ರಗಳನ್ನು ಅಳೆಯುವವರು ಸಾಮಾನ್ಯವಾಗಿ ವೀರನನ್ನೇ ಅಳೆಯುತ್ತಾರೆ: ಅವನ ಬಲವೆಷ್ಟು, ಅವನು ಸಂಹರಿಸಿದ ಶತ್ರುಗಳೆಷ್ಟು, ಅವನ ಪ್ರವೇಶಕ್ಕೆ ಚಿತ್ರಮಂದಿರ ಎಷ್ಟು ಅದುರಿತು, ಎಂದು. ನಮ್ಮ ಅಭಿಪ್ರಾಯದಲ್ಲಿ ಅಳತೆಗೋಲು ವೀರನ ಪಕ್ಕದಲ್ಲಿದೆ. ಅವನ ಬಳಿ ನಿಂತವರು ಯಾರು, ಅವನನ್ನು ಪ್ರಶ್ನಿಸುವ ಅಧಿಕಾರ ಅವರಿಗೆ ಉಂಟೇ ಇಲ್ಲವೇ, ಎಂಬುದರಿಂದ ಇಂತಹ ಚಿತ್ರದ ಯೋಗ್ಯತೆ ತಿಳಿಯುತ್ತದೆ. ಈ ಮಾತನ್ನು ಸಮರ್ಥಿಸಲು ನಾವು ದೂರ ಹೋಗಬೇಕಾದುದಿಲ್ಲ. ನಮ್ಮ ಸೀಮೆಯ ಆಟಗಳಿಂದಲೇ ಆರಂಭಿಸಬಹುದು.

2

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮೂಡಲಪಾಯ ಯಕ್ಷಗಾನವನ್ನು ನೋಡಿದವರಿಗೆ ವೀರನ ಪ್ರವೇಶದ ಕ್ರಮ ಪರಿಚಿತವೇ ಆಗಿದೆ. ಇಬ್ಬರು ತೆರೆ ಹಿಡಿಯುತ್ತಾರೆ. ಮುಖವೀಣೆಯೂ ಮದ್ದಳೆಯೂ ಏರುತ್ತವೆ. ತೆರೆಯ ಹಿಂದೆ ಕಿರೀಟದ ತುದಿ ಮಾತ್ರ ಕಾಣುತ್ತದೆ, ಗೆಜ್ಜೆಯ ಸದ್ದು ಕೇಳುತ್ತದೆ. ತೆರೆ ಸರಿದಾಗ ಭುಜಕೀರ್ತಿ ಎದೆಹಾರಗಳ ಭಾರದಲ್ಲಿ ಪಾತ್ರಧಾರಿ ಎರಡರಷ್ಟು ದೊಡ್ಡವನಾಗಿ ಎದುರಿಗೆ ನಿಲ್ಲುತ್ತಾನೆ. ಇಂದಿನ ಚಿತ್ರಗಳು ಕತ್ತಲು, ಹೊಗೆ, ಪಾದರಕ್ಷೆಯ ಸದ್ದು, ಬೆನ್ನ ಹಿಂದಿನ ಬೆಳಕು ಇವುಗಳಿಂದ ಸಾಧಿಸಲು ಯತ್ನಿಸುವುದನ್ನು ನಮ್ಮವರು ಒಂದು ತುಂಡು ಬಟ್ಟೆಯಿಂದಲೂ ಬಣ್ಣ ಬಳಿದ ಮರದ ಆಭರಣಗಳಿಂದಲೂ ಸಾಧಿಸಿದ್ದರು. ಈ ಮಟ್ಟಿಗೆ ಹೊಸದಕ್ಕೂ ಹಳೆಯದಕ್ಕೂ ಭೇದವಿಲ್ಲ; ಎರಡರ ಗುರಿಯೂ ವಿಸ್ಮಯವೇ.

ಭೇದವಿರುವುದು ಅನಂತರದ ಕ್ಷಣದಲ್ಲಿ. ನಮ್ಮ ಆಟದಲ್ಲಿ ಆ ಮಹಾವೀರನ ಎದುರಿಗೆ ಸಾರಥಿಯೊಬ್ಬನು ಬಂದು ನಿಲ್ಲುತ್ತಾನೆ. ಅವನಿಗೆ ಕಿರೀಟವಿಲ್ಲ. ತಾವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ಅವನು ಆಡುಮಾತಿನಲ್ಲಿ ವಿಚಾರಿಸುತ್ತಾನೆ. ಮೂರು ಲೋಕವನ್ನು ನಡುಗಿಸುವವನೂ ಈ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಕಥೆ ಮುಂದೆ ಸಾಗಬೇಕು. ಸಾರಥಿ ಎಷ್ಟೋ ವೇಳೆ ಹಾಸ್ಯಗಾರನೂ ಆಗುತ್ತಾನೆ. ರಾಜನ ಮಾತನ್ನು ಬೇಕೆಂದೇ ತಪ್ಪಾಗಿ ಗ್ರಹಿಸಿ ಅದರ ಟೊಳ್ಳನ್ನು ಬಯಲಿಗಿಡುತ್ತಾನೆ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನ ಕಾರ್ಯವೂ ಇಂಥದೇ. ಅವನು ರಾಮಾಯಣದ ನಡುವೆ ನುಗ್ಗಿ ಊರಿನ ಮಾತನ್ನು ಆಡಿ ಹೋಗುತ್ತಾನೆ. ರಾಮಾಯಣಕ್ಕೆ ಅದರಿಂದ ಯಾವ ಕುಂದೂ ಬರುವುದಿಲ್ಲ.

ಶಾಸ್ತ್ರಕಾರರಿಗೂ ಈ ವಿಷಯ ತಿಳಿದಿತ್ತೆಂದು ತೋರುತ್ತದೆ. ಧನಂಜಯನು ದಶರೂಪಕದಲ್ಲಿ ಧೀರೋದಾತ್ತ ನಾಯಕನ ಲಕ್ಷಣಗಳನ್ನು ಹೇಳುವಾಗ ಮಹಾಸತ್ತ್ವ, ಗಾಂಭೀರ್ಯ, ಕ್ಷಮೆ ಇವುಗಳ ಜೊತೆಗೆ 'ಅವಿಕತ್ಥನ' ಎಂಬ ಗುಣವನ್ನು ಸೇರಿಸುತ್ತಾನೆ; ಎಂದರೆ ಆತ್ಮಪ್ರಶಂಸೆ ಮಾಡಿಕೊಳ್ಳದವನು. ತನ್ನನ್ನು ತಾನೇ ಹೊಗಳಿಕೊಳ್ಳುವುದನ್ನು ಅವನು ಧೀರೋದ್ಧತನ ಪಾಲಿಗೆ ಬಿಟ್ಟಿದ್ದಾನೆ. ಉದಾತ್ತನು ತನ್ನ ಗುಣವನ್ನು ತಾನು ಆಡದಿದ್ದರೆ ಅದನ್ನು ಹೊರತೆಗೆಯಲು ಮತ್ತೊಬ್ಬನು ಬೇಕು. ಸಾರಥಿ, ವಿದೂಷಕ, ಹಾಸ್ಯಗಾರ ಇವರು ನಾಟಕದಲ್ಲಿ ಇರುವುದು ಬರಿಯ ನಗೆಗಾಗಿ ಎಂದು ತಿಳಿಯುವುದು ಅಸಮಗ್ರವಾದ ತಿಳಿವಳಿಕೆ.

3

ಈ ಹಿನ್ನೆಲೆಯಲ್ಲಿ ಕನ್ನಡದ ಗೂಢಚಾರ ಚಿತ್ರಗಳನ್ನು ನೋಡೋಣ. ದೊರೈ-ಭಗವಾನ್ ಎಂಬ ಜೋಡಿ ನಿರ್ದೇಶಕರು 1968ರಲ್ಲಿ 'ಜೇಡರ ಬಲೆ'ಯನ್ನೂ ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999' ಚಿತ್ರವನ್ನೂ, 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಚಿತ್ರವನ್ನೂ, ಬಹುಕಾಲದ ಅನಂತರ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರವನ್ನೂ ತೆಗೆದರು. ನಾಲ್ಕರಲ್ಲಿಯೂ ರಾಜಕುಮಾರ್ ಪ್ರಕಾಶ್ ಎಂಬ ಗೂಢಚಾರ. ಅವನ ಸಂಖ್ಯೆ 999. ನಾಲ್ಕಕ್ಕೂ ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಇಂಗ್ಲಿಷಿನಲ್ಲಿ ಇಯಾನ್ ಫ್ಲೆಮಿಂಗ್ 1953ರಲ್ಲಿ ಕಾದಂಬರಿಯಲ್ಲಿ ಸೃಷ್ಟಿಸಿದ ಜೇಮ್ಸ್ ಬಾಂಡ್ 1962ರ 'ಡಾಕ್ಟರ್ ನೋ' ಚಿತ್ರದಿಂದ ತೆರೆಯ ಮೇಲೆ ಬಂದನು; ಅವನ ಸಂಖ್ಯೆ 007. ನಮ್ಮ 999 ಅವನ ತಮ್ಮನೆಂಬುದನ್ನು ಮರೆಮಾಚುವ ಅಗತ್ಯವಿಲ್ಲ.

ಎರವಲು ತಂದುದು ದೋಷವೆಂದು ಕೆಲವರು ಹೇಳುವುದುಂಟು. ಎರವಲಿನಿಂದಲೇ ಕೃತಿ ಕೀಳಾಗುವುದಾದರೆ ಪಂಪನಿಂದ ಮೊದಲ್ಗೊಂಡು ನಮ್ಮ ಸಾಹಿತ್ಯದ ಬಹುಭಾಗವನ್ನು ಬದಿಗಿಡಬೇಕಾದೀತು. ಕೇಳಬೇಕಾದುದು, ತಂದ ಸಾಮಗ್ರಿಗೆ ಇಲ್ಲಿಯದು ಯಾವುದು ಬೆರೆಯಿತು ಎಂಬುದನ್ನು. ಕೋಟು, ಪಿಸ್ತೂಲು, ಕಾರು, ಕುಣಿತದ ಶಾಲೆ ಇವೆಲ್ಲ ಹೊರಗಿನಿಂದ ಬಂದವು. ಬೆರೆತದ್ದು ಎರಡು: ರಾಜಕುಮಾರರ ಕಂಠ ಮತ್ತು ಉಚ್ಚಾರಣೆಯ ಶುದ್ಧಿ ಒಂದು, ಗೋವಾ ಮತ್ತು ಜಾಕ್‌ಪಾಟ್ ಚಿತ್ರಗಳಲ್ಲಿ ಅವರ ಜೊತೆಗೆ ಬಂದ ನರಸಿಂಹರಾಜು ಇನ್ನೊಂದು.

ಟಿ. ಆರ್. ನರಸಿಂಹರಾಜು 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿ. ಬಾಲ್ಯದಲ್ಲಿಯೇ ನಾಟಕ ಕಂಪನಿ ಸೇರಿ, ಊರೂರು ತಿರುಗಿ, 1954ರ 'ಬೇಡರ ಕಣ್ಣಪ್ಪ'ದಲ್ಲಿ ಚಿತ್ರರಂಗಕ್ಕೆ ಬಂದರು. ರಾಜಕುಮಾರರು ನಾಯಕರಾದ ಮೊದಲ ಚಿತ್ರವೂ ಅದೇ. ರಾಜಕುಮಾರರು ಪಳಗಿದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ; ಅವರ ತಂದೆ ಪುಟ್ಟಸ್ವಾಮಯ್ಯನವರೂ ಅಲ್ಲಿಯ ನಟರು. ಗುಬ್ಬಿಯೂ ತಿಪಟೂರೂ ಒಂದೇ ರೈಲುದಾರಿಯ ಮೇಲಿನ ಊರುಗಳು. ಹೀಗಾಗಿ ಗೋವೆಯ ಕಡಲತೀರದಲ್ಲಿ ನಿಂತ ಈ ಜೋಡಿಯನ್ನು ಲಂಡನ್ನಿನ ನೆರಳೆಂದು ಮಾತ್ರ ನೋಡಿದರೆ ಸಾಲದು. ಇವರು ಕಂಪನಿ ನಾಟಕದ ರಂಗದಿಂದ ನೇರವಾಗಿ ಇಳಿದುಬಂದ ರಾಜನೂ ಹಾಸ್ಯಗಾರನೂ ಆಗಿದ್ದಾರೆ.

1965ರ 'ಸತ್ಯ ಹರಿಶ್ಚಂದ್ರ'ವನ್ನು ನೆನೆಯಬೇಕು. ಅಲ್ಲಿ ರಾಜಕುಮಾರ್ ಹರಿಶ್ಚಂದ್ರ, ನರಸಿಂಹರಾಜು ನಕ್ಷತ್ರಿಕ. ರಾಜನ ಹಿಂದೆಯೇ ನಡೆದು, ಸಾಲ ತೀರಿಸೆಂದು ಪೀಡಿಸಿ, ಸತ್ಯವ್ರತವನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸುವುದು ನಕ್ಷತ್ರಿಕನ ಕೆಲಸ. ನಾವು ನಗುತ್ತೇವೆ, ನಗುತ್ತಿರುವಾಗಲೇ ಹರಿಶ್ಚಂದ್ರನ ಸತ್ತ್ವ ನಮಗೆ ಮನವರಿಕೆಯಾಗುತ್ತದೆ. ಮೂರೇ ವರ್ಷಗಳ ಅನಂತರ ಅದೇ ಸಣಕಲು ಶರೀರ, ಅದೇ ಉಬ್ಬುಹಲ್ಲಿನ ನಗು ಸಿ.ಐ.ಡಿ. 999ರ ಪಕ್ಕದಲ್ಲಿ ಕಾಣಿಸಿದಾಗ ನೆಲದ ಮೇಲೆ ಕುಳಿತ ಪ್ರೇಕ್ಷಕರಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ವೀರನು ಎಂದೂ ಹೆದರದವನು. ಪಕ್ಕದವನು ನಮ್ಮ ಪರವಾಗಿ ಹೆದರುವವನು. ಅವನು ಇದ್ದುದರಿಂದಲೇ ವೀರನ ಧೈರ್ಯಕ್ಕೆ ಒಂದು ಬೆಲೆ ಇತ್ತು.

ಈ ಚಿತ್ರಗಳ ದೋಷಗಳನ್ನೂ ಹೇಳಿಬಿಡಬೇಕು. 'ಜೇಡರ ಬಲೆ'ಯಲ್ಲಿ ಕೀಳು ಲೋಹವನ್ನು ಚಿನ್ನವಾಗಿಸುವ ವಿಜ್ಞಾನಿಯ ಸೂತ್ರವೇ ಕಥೆಯ ಬೀಜ. ಅಂತಹ ಸೂತ್ರ ಲೋಕಕ್ಕೆ ಬಂದರೆ ಬಡವನ ಮನೆಯ ತಾಳಿಗೂ ಕಾಸಿನಸರಕ್ಕೂ ಏನು ಗತಿ ಎಂಬ ಪ್ರಶ್ನೆಯ ಹತ್ತಿರ ಚಿತ್ರ ಸುಳಿಯುವುದಿಲ್ಲ. ಗೋವೆ 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಹೊಂದಿ ಏಳು ವರ್ಷವಷ್ಟೇ ಕಳೆದಿತ್ತು. ಹಾಗಿದ್ದರೂ ಗೋವೆ ಇಲ್ಲಿ ಕಥೆ ನಡೆಯುವ ಜಾಗವಾಗಿ ಬರುವಷ್ಟು ನೆಲವಾಗಿ ಬರುವುದಿಲ್ಲ. 999ನೆಯವನಿಗೆ ಊರಿಲ್ಲ. ಇದೇ ನಿರ್ದೇಶಕರು 1971ರಲ್ಲಿ 'ಕಸ್ತೂರಿ ನಿವಾಸ'ವನ್ನು ತೆಗೆದಾಗ ನಾಯಕನ ಮನೆ, ಮರ್ಯಾದೆ, ನಷ್ಟ ಎಲ್ಲವೂ ಎಷ್ಟು ಗಟ್ಟಿಯಾಗಿ ಮೂಡಿದವೆಂಬುದನ್ನು ಬಲ್ಲವರಿಗೆ ಗೂಢಚಾರ ಚಿತ್ರಗಳ ಈ ತೆಳುತನ ಎದ್ದುಕಾಣುತ್ತದೆ.

ಆದರೂ ಅವು ಉಳಿದಿವೆ. 1978ರ ಚಿತ್ರದಲ್ಲಿ ರಾಜಕುಮಾರರೇ ಇಂಗ್ಲಿಷ್ ಮಾತುಗಳಲ್ಲಿ ಹಾಡಿದ ಹಾಡೊಂದನ್ನು, ಆ ಚಿತ್ರ ಬಂದಾಗ ಹುಟ್ಟಿಯೇ ಇರದ ಹುಡುಗರು ಇಂದು ಕಂಠಪಾಠವಾಗಿ ಹಾಡುತ್ತಾರೆ. ಅವರು ಅದನ್ನು ನಗುತ್ತ ಹಾಡುತ್ತಾರೆ. ಆ ನಗೆಯಲ್ಲಿ ತಾತ್ಸಾರವಿಲ್ಲ. ವೀರನನ್ನು ನೋಡಿ ನಗುತ್ತಲೇ ಅವನನ್ನು ಪ್ರೀತಿಸಬಹುದೆಂಬ ಪಾಠವನ್ನು ಅವರಿಗೆ ನಾವಾರೂ ಕಲಿಸಲಿಲ್ಲ.

4

ಹೊರಗಿನ ಚಿತ್ರಗಳಲ್ಲಿಯೂ ಇದೇ ನಿಯಮ ಕೆಲಸಮಾಡುವುದನ್ನು ಕಾಣಬಹುದು. ಬಾಂಡನು ಮೊದಲ ಚಿತ್ರದಲ್ಲಿಯೇ ತನ್ನ ಮೇಲಧಿಕಾರಿಯ ಮುಂದೆ ನಿಂತು, ತನಗೆ ಪ್ರಿಯವಾದ ಪಿಸ್ತೂಲನ್ನು ಒಪ್ಪಿಸಿ ಬೇರೊಂದನ್ನು ಪಡೆಯಬೇಕಾಗುತ್ತದೆ. ಶೀತಲ ಸಮರ ಮುಗಿದ ಮೇಲೆ, 1995ರ 'ಗೋಲ್ಡನ್ ಐ' ಚಿತ್ರದಲ್ಲಿ, ಆ ಮೇಲಧಿಕಾರಿಯ ಪೀಠದಲ್ಲಿ ಒಬ್ಬ ಮಹಿಳೆ ಕುಳಿತು, ನೀನು ಅಳಿದುಹೋದ ಯುಗದ ಪ್ರಾಣಿ ಎಂದು ಅವನ ಮುಖಕ್ಕೇ ಹೇಳುತ್ತಾಳೆ. ಪ್ರೇಕ್ಷಕರ ಮನಸ್ಸಿನಲ್ಲಿದ್ದ ಮಾತನ್ನು ಚಿತ್ರವೇ ಆಡಿಬಿಟ್ಟಿತು. ಬಾಂಡನ ಆಯುಸ್ಸು ಹೆಚ್ಚಿದ್ದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಭಾವನೆ.

2008ರ 'ಐರನ್ ಮ್ಯಾನ್' ಚಿತ್ರದಿಂದ ಮೊದಲಾದ ಮಾರ್ವೆಲ್ ಮಾಲಿಕೆಯಲ್ಲಿ ಬೇರೊಂದು ಮಾರ್ಪಾಟು ನಡೆಯಿತು. ಇಲ್ಲಿ ವೀರನೇ ಹಾಸ್ಯಗಾರ. ಟೋನಿ ಸ್ಟಾರ್ಕ್ ತನ್ನನ್ನು ತಾನೇ ಗೇಲಿಮಾಡಿಕೊಳ್ಳುತ್ತಾನೆ. ಉಳಿದ ವೀರರೂ ಯುದ್ಧದ ನಡುವೆ ಚಾಟೂಕ್ತಿಗಳನ್ನು ಸಿಡಿಸುತ್ತಾರೆ. ಇದು ಮನೋಹರವಾಗಿದೆ, ನಾವೂ ಮನಸಾರೆ ನಕ್ಕಿದ್ದೇವೆ. ಆದರೆ ವಿಚಾರ ಮಾಡಿದರೆ ಇದರಲ್ಲಿ ಒಂದು ಜಾಣತನ ಅಡಗಿದೆ. ತನ್ನನ್ನು ತಾನು ಗೇಲಿಮಾಡಿಕೊಂಡವನನ್ನು ಇತರರು ಗೇಲಿಮಾಡುವುದು ಕಷ್ಟ. ಪ್ರಶ್ನೆಯನ್ನೂ ಉತ್ತರವನ್ನೂ ಅವನೇ ಕೊಟ್ಟುಕೊಂಡಾಗ ಸಾರಥಿಗೆ ಕೆಲಸವಿಲ್ಲ. ವಿಕತ್ಥನವು ವಿನೋದದ ವೇಷದಲ್ಲಿ ಹಿಂದಿರುಗಿದೆ ಎನ್ನಬಹುದು. 2019ರ 'ಎಂಡ್‌ಗೇಮ್' ಚಿತ್ರದಲ್ಲಿ ಸ್ಟಾರ್ಕ್ ಪ್ರಾಣ ಕೊಡುವಾಗ ನಮ್ಮ ಕಣ್ಣು ಒದ್ದೆಯಾದದ್ದು ನಿಜ. ಆ ದೃಶ್ಯ ಅಷ್ಟು ನಾಟಿದ್ದು ಕೊನೆಗೊಮ್ಮೆ ಅವನು ಮಾತು ನಿಲ್ಲಿಸಿದ್ದರಿಂದ.

ಕನ್ನಡದ ಅತಿ ವಿಖ್ಯಾತ ಸಾಹಸಚಿತ್ರವಾದ 'ಕೆ.ಜಿ.ಎಫ್.' (2018, ಎರಡನೆಯ ಭಾಗ 2022) ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಪ್ರಶಾಂತ್ ನೀಲ್ ನಿರ್ದೇಶಿಸಿ ಯಶ್ ನಟಿಸಿದ ಈ ಚಿತ್ರದ ರಾಕಿ ಶಾಸ್ತ್ರದ ಮಾತಿನಲ್ಲಿ ಧೀರೋದ್ಧತನೇ ಸರಿ. ಸ್ವಾರಸ್ಯವೇನೆಂದರೆ ಇಲ್ಲಿ ಸಾರಥಿಯ ಸ್ಥಾನವನ್ನು ಬಹು ಎಚ್ಚರದಿಂದ ಏರ್ಪಡಿಸಿದ್ದಾರೆ. ಮೊದಲನೆಯ ಭಾಗದಲ್ಲಿ ಅನಂತನಾಗ್ ಅಭಿನಯಿಸಿದ ಹಿರಿಯ ಪತ್ರಕರ್ತನು ಕಥೆ ಹೇಳುತ್ತಾನೆ. ಮಾಳವಿಕಾ ಅವಿನಾಶ್ ಅಭಿನಯಿಸಿದ ಸಂಪಾದಕಿ ಅವನನ್ನು ಪ್ರಶ್ನಿಸುತ್ತಾಳೆ. ಯಾರು ಈ ರಾಕಿ, ಎಲ್ಲಿಂದ ಬಂದ, ಅವನ ಕಥೆಯನ್ನು ಏಕೆ ಕೇಳಬೇಕು? ಇವು ಸಾರಥಿಯ ಪ್ರಶ್ನೆಗಳೇ. ಆದರೆ ಪ್ರತಿಯೊಂದು ಪ್ರಶ್ನೆಯೂ ಮುಂದಿನ ಹೊಗಳಿಕೆಗೆ ಮೆಟ್ಟಿಲಾಗುತ್ತದೆ. ಪ್ರಶ್ನೆ ಕೇಳುವವಳ ಅನುಮಾನ ಸೋಲುವುದಕ್ಕಾಗಿಯೇ ಹುಟ್ಟಿದೆ. ಸಾರಥಿಯ ವೇಷದಲ್ಲಿ ವಂದಿಮಾಗಧರು ಬಂದು ಕುಳಿತಿದ್ದಾರೆ. ಚಿತ್ರದ ರಭಸ, ಛಾಯಾಗ್ರಹಣ, ತಾಯಿಯ ಮಾತಿನ ಭಾವತೀವ್ರತೆ ಇವುಗಳನ್ನು ನಾವು ಮೆಚ್ಚುತ್ತೇವೆ. ಮೂರು ಸಲ ನೋಡಿದ್ದೇವೆ. ಮೂರನೆಯ ಸಲ ನೋಡುವಾಗ ಮಾತ್ರ, ಇಡೀ ಚಿತ್ರದಲ್ಲಿ ರಾಕಿಯನ್ನು ನೋಡಿ ನಗಬಲ್ಲವನು ಒಬ್ಬನೂ ಉಳಿದಿಲ್ಲವಲ್ಲ ಎಂಬ ಯೋಚನೆ ನಮ್ಮನ್ನು ಬಾಧಿಸಿತು.

5

ಪ್ರಶ್ನಿಸುವವನು ಇಲ್ಲದಾಗ ಏನು ನಷ್ಟವಾಗುತ್ತದೆ ಎಂದು ಕೇಳಬಹುದು. ನಮಗೆ ಕಾಣುವ ಮುಖ್ಯ ನಷ್ಟವೆಂದರೆ, ಶತ್ರು ಯಾರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ.

ಸಾಹಸಚಿತ್ರದ ಶತ್ರುವಿಗೆ ಯಾವಾಗಲೂ ಒಂದು ಮುಖವಿರುತ್ತದೆ. ಅವನಿಗೊಂದು ಕೋಟೆ, ಒಂದು ವಿಕಟ ನಗೆ, ಒಂದು ಗಡಿಯಾರದ ಗಡುವು. ವೀರನು ಅವನನ್ನು ಕೊಂದರೆ ಆಪತ್ತು ತೀರಿತು. ಕೋಲಾರದ ನಿಜವಾದ ಚಿನ್ನದ ಗಣಿಯನ್ನು ನೆನೆಯಿರಿ. ನೂರಕ್ಕೂ ಹೆಚ್ಚು ವರ್ಷ ನಡೆದು 2001ರಲ್ಲಿ ಮುಚ್ಚಿದ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಗಣಿಯಲ್ಲಿ ಕಾರ್ಮಿಕರನ್ನು ಕೊಂದದ್ದು ಕಲ್ಲಿನ ಸಿಡಿತ ಮತ್ತು ಶ್ವಾಸಕೋಶಕ್ಕೆ ಇಳಿದ ಸಿಲಿಕಾ ಧೂಳು. ಧೂಳಿಗೆ ಮುಖವಿಲ್ಲ. ಚಿತ್ರದ ಗಣಿಯಲ್ಲಿ ಗರುಡನಿದ್ದಾನೆ, ಅಧೀರನಿದ್ದಾನೆ, ಅವರನ್ನು ಕೊಲ್ಲಬಹುದು.

ನಮ್ಮ ಸೀಮೆಯ ಉದಾಹರಣೆಯನ್ನೇ ಕೊಡುವುದಾದರೆ, 1998ರಲ್ಲಿ ಕೇರಳದಲ್ಲಿ ಗುರುತಿಸಲ್ಪಟ್ಟು ಅನಂತರ ಕರ್ನಾಟಕಕ್ಕೂ ಹರಡಿದ ತೆಂಗಿನ ನುಸಿಯನ್ನು ತೆಗೆದುಕೊಳ್ಳಬಹುದು. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಎಳೆಗಾಯಿಯ ತೊಟ್ಟಿನ ಎಸಳಿನ ಅಡಿ ಸೇರಿ ರಸ ಹೀರುತ್ತದೆ. ಸಿಪ್ಪೆ ಕಂದುಗಟ್ಟಿ ಬಿರಿಯುತ್ತದೆ, ಕಾಯಿ ಕುಗ್ಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿ ಆ ಕಾಲವನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ. ಯಾರ ಮೇಲೆ ಪಿಸ್ತೂಲು ಎತ್ತುವುದು? ನಮ್ಮ ಉಂಡೆಕೊಬ್ಬರಿಯಾದರೋ ಗಡಿಯಾರದ ಗಡುವಿಗೆ ಸಿಕ್ಕುವ ವಸ್ತುವೇ ಅಲ್ಲ. ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಬಿಟ್ಟು, ಒಳಗಿನ ನೀರು ಆರಿ ತಿರುಳು ಚಿಪ್ಪು ಬಿಡುವವರೆಗೆ ಕಾಯಬೇಕು. ಆ ತಿಂಗಳುಗಳಲ್ಲಿ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಏರಬಹುದು, ಕುಸಿಯಬಹುದು. ಕುಸಿದಾಗ ಅದಕ್ಕೂ ಒಂದು ಮುಖವನ್ನು ಹುಡುಕುವ ಆಸೆ ಮನುಷ್ಯನಿಗೆ ಸಹಜ. ಇಂಥವನೊಬ್ಬನೇ ಇದಕ್ಕೆಲ್ಲ ಕಾರಣ, ಇಂಥವನೊಬ್ಬ ಬಂದರೆ ಎಲ್ಲ ಸರಿಹೋಗುತ್ತದೆ, ಎಂಬ ಎರಡು ನಂಬಿಕೆಗಳೂ ಒಂದೇ ಬಳ್ಳಿಯ ಕಾಯಿಗಳು. ಸಾಹಸಚಿತ್ರ ಈ ನಂಬಿಕೆಗಳನ್ನು ಹುಟ್ಟಿಸಿತೆಂದು ನಾವು ಹೇಳುವುದಿಲ್ಲ. ಅವುಗಳಿಗೆ ನೀರೆರೆಯುತ್ತದೆ ಎಂಬುದು ನಿಜ. ಸಾರಥಿ ಪಕ್ಕದಲ್ಲಿದ್ದರೆ, "ಒಡೆಯಾ, ಈ ನುಸಿಗೆ ಯಾವ ಬಾಣ ಹೂಡುತ್ತೀರಿ?" ಎಂದು ಕೇಳುತ್ತಿದ್ದನು. ಆ ಒಂದು ಪ್ರಶ್ನೆಯಿಂದ ವೀರನು ಸಣ್ಣವನಾಗುತ್ತಿರಲಿಲ್ಲ; ನಾವು ಮಾತ್ರ ನಮ್ಮ ಅಳತೆಗೆ ಬರುತ್ತಿದ್ದೆವು.

6

ಇದಕ್ಕೆ ವಿದ್ಯಾರ್ಥಿಗಳು ಹೇಳಬಹುದಾದ ಪ್ರತಿವಾದವನ್ನು ನಾವು ಊಹಿಸಬಲ್ಲೆವು. ದಿನವೆಲ್ಲ ನುಸಿಯ ಚಿಂತೆಯಲ್ಲಿರುವವನು ಮೂರು ಗಂಟೆಯಾದರೂ ಅದನ್ನು ಮರೆಯಲೆಂದೇ ಚಿತ್ರಮಂದಿರಕ್ಕೆ ಹೋಗುತ್ತಾನೆ. ಅಲ್ಲಿಯೂ ನುಸಿಯನ್ನೇ ತೋರಿಸಿದರೆ ಅವನು ಎಲ್ಲಿಗೆ ಹೋಗಬೇಕು? ಇದು ನ್ಯಾಯವಾದ ಮಾತು. ಉತ್ಸಾಹವೂ ವಿಸ್ಮಯವೂ ಮನುಷ್ಯನಿಗೆ ಅನ್ನದಷ್ಟೇ ಅಗತ್ಯ. 1934ರಲ್ಲಿ ಗುಬ್ಬಿ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ ಜನ ಬೆರಗಾದದ್ದು ತಪ್ಪಲ್ಲ. ಆದರೆ ಅದೇ ಕಂಪನಿಯ ಒಡೆಯರಾದ ವೀರಣ್ಣನವರು 'ಸದಾರಮೆ'ಯಲ್ಲಿ ಕಳ್ಳನ ಹಾಸ್ಯಪಾತ್ರದಿಂದ ಹೆಸರಾದವರೆಂಬುದನ್ನೂ ಮರೆಯಬಾರದು. ಆನೆಯನ್ನು ತಂದವರೇ ನಗೆಯನ್ನೂ ತಂದರು. ಒಂದು ಇನ್ನೊಂದಕ್ಕೆ ಅಡ್ಡಬರಲಿಲ್ಲ.

ಇಂದಿನ ಚಿತ್ರಗಳಲ್ಲಿಯೂ ಇದು ಸಾಧ್ಯವೆಂಬುದಕ್ಕೆ ನೆರೆಯ ಮಲಯಾಳದ 'ಮಿನ್ನಲ್ ಮುರಳಿ' (2021) ಸಾಕ್ಷಿ. ಬೇಸಿಲ್ ಜೋಸೆಫ್ ನಿರ್ದೇಶಿಸಿದ ಈ ಚಿತ್ರದಲ್ಲಿ ಸಣ್ಣ ಊರೊಂದರ ದರ್ಜಿಗೆ ಸಿಡಿಲು ಬಡಿದು ಅತಿಮಾನುಷ ಶಕ್ತಿ ಬರುತ್ತದೆ. ಆ ಶಕ್ತಿಯಿಂದ ಏನು ಮಾಡಬೇಕೆಂದು ತಿಳಿಯದ ಅವನನ್ನು ತಿದ್ದುವವನು ಮನೆಯ ಪುಟ್ಟ ಹುಡುಗ. ಸಾರಥಿ ಇಲ್ಲಿ ಬಾಲಕನ ರೂಪದಲ್ಲಿ ಮರಳಿದ್ದಾನೆ. ಅದೇ ಸಿಡಿಲು ಚಹದ ಅಂಗಡಿಯ ಕೆಲಸಗಾರನೊಬ್ಬನಿಗೂ ಬಡಿದಿರುತ್ತದೆ. ಊರು ಹುಚ್ಚನೆಂದು ದೂರವಿಟ್ಟ ಅವನೇ ಪ್ರತಿನಾಯಕನಾಗುತ್ತಾನೆ. ಶತ್ರುವಿಗೆ ಮುಖವಿದೆ, ಆದರೆ ಆ ಮುಖವನ್ನು ರೂಪಿಸಿದ್ದರಲ್ಲಿ ಊರಿನ ಪಾಲೆಷ್ಟು ಎಂದು ಚಿತ್ರ ಕೇಳುತ್ತದೆ. ಹೀಗೆ ಕೇಳಿದ್ದರಿಂದ ರಂಜನೆಯೇನೂ ಕಡಿಮೆಯಾಗಲಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಬಹು ಸಣ್ಣದು. ವೀರನು ಇರಲಿ, ಅವನ ಪ್ರವೇಶಕ್ಕೆ ಎಷ್ಟು ಬೇಕಾದರೂ ಹೊಗೆಯೂ ಬೆಳಕೂ ಇರಲಿ. ತೆರೆ ಸರಿದ ಮೇಲೆ ಅವನ ಎದುರಿಗೆ ಕಿರೀಟವಿಲ್ಲದವನೊಬ್ಬನು ಬಂದು, ತಾವು ಯಾರು ಎಂದು ಕೇಳುವಷ್ಟು ಜಾಗವನ್ನು ಚಿತ್ರ ಮಾಡುವವರು ಬಿಡಬೇಕು. ಅವರು ಬಿಡದಿದ್ದಲ್ಲಿ ಆ ಕೆಲಸ ಪ್ರೇಕ್ಷಕನ ಪಾಲಿಗೆ ಬರುತ್ತದೆ. ವಿಮರ್ಶೆ ಎಂಬುದು ಅಭಿಮಾನಕ್ಕೆ ಶತ್ರುವಲ್ಲ. ಸಾರಥಿ ರಥದಿಂದ ಇಳಿದುಹೋಗುವುದಿಲ್ಲ. ಪ್ರಶ್ನೆ ಕೇಳುತ್ತಲೇ ಕುದುರೆಗಳ ಹಗ್ಗ ಹಿಡಿದಿರುತ್ತಾನೆ.

ಆ ವಿದ್ಯಾರ್ಥಿಗೆ ಈಗ ಹೇಳಬಹುದಾದುದು ಇಷ್ಟೇ: ತರಗತಿಯ ಪಾಠವೂ ನಮ್ಮದೇ, ಚಿತ್ರಮಂದಿರದ ಚಪ್ಪಾಳೆಯೂ ನಮ್ಮದೇ. ಮುಂದಿನ ಚಿತ್ರಕ್ಕೆ ಅವನೂ ಬರಲಿ. ನಮ್ಮ ಪಕ್ಕದಲ್ಲಿಯೇ ಕುಳಿತು, ನಾವು ಅತಿಯಾಗಿ ಚಪ್ಪಾಳೆ ತಟ್ಟಿದಾಗ ಏಕೆಂದು ಕೇಳಲಿ.